ಇಳಿಸದೆ ಇಟ್ಟ ಚಿತ್ರ

ನಮ್ಮೂರಿಗೆ ಹೊಸದಾಗಿ ಬಂದವರೆಲ್ಲ ಮಾಡುವ ತಪ್ಪು ಒಂದೇ. ಟಾಕೀಸಿನಿಂದ ಹೊರಗೆ ಬರುತ್ತಿರುವವರನ್ನು ಹಿಡಿದು ನಿಲ್ಲಿಸಿ "ಚಿತ್ರ ಹೇಗಿತ್ತು?" ಎಂದು ಕೇಳಿಬಿಡುತ್ತಾರೆ. ಕೇಳಿಸಿಕೊಂಡವರು ತುಟಿ ಬಿಗಿದು ಸರಸರನೆ ನಡೆದುಬಿಡುತ್ತಾರೆ. ಹೊಸಬರು, ಪಾಪ, ಈ ಊರಿನವರಿಗೆ ಎಷ್ಟು ಕೊಬ್ಬು ಎಂದುಕೊಳ್ಳುತ್ತಾರೆ. ಕೊಬ್ಬೂ ಇಲ್ಲ, ಗಿಬ್ಬೂ ಇಲ್ಲ. ನೋಡಿದ ಚಿತ್ರ ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಎಂದು ಒಂದು ಮಾತು ಬಾಯಿಂದ ಹೊರಬಿದ್ದರೆ ಮುಗಿಯಿತು, ಆ ಚಿತ್ರ ತಲೆಯಿಂದ ಹೋಗಿಬಿಡುತ್ತದೆ. ಚಿತ್ರವೊಂದೇ ಹೋಗುವುದಾದರೆ ಹಾಳಾಗಿಹೋಗಲಿ ಅನ್ನಬಹುದಿತ್ತು. ಅದರ ಜೊತೆಗೆ ಟಾಕೀಸಿನ ಗೇಟಿನ ಒಳಗೆ ಕಾಲಿಟ್ಟಾಗಿನಿಂದ ಹೊರಗೆ ಬರುವ ತನಕ ನಡೆದದ್ದೆಲ್ಲ ಹೋಗುತ್ತದೆ. ಪಕ್ಕದಲ್ಲಿ ಯಾರು ಕೂತಿದ್ದರು, ಇಂಟರ್ವಲ್‌ನಲ್ಲಿ ಏನು ತಿಂದಿರಿ, ಯಾರ ಜೊತೆ ಜಗಳ ಕಾದಿರಿ, ಒಂದೂ ಉಳಿಯುವುದಿಲ್ಲ. ಹೋಗುವಾಗ ಒಂದೇ ಒಂದು ಬಿಕ್ಕಳಿಕೆ ಬರುತ್ತದೆ. ಇದಕ್ಕೆ ನಾವು ಚಿತ್ರ ಇಳಿಸುವುದು ಎನ್ನುತ್ತೇವೆ.

ನನ್ನ ಹೆಸರು ಗೌರಮ್ಮ. ಊರವರಿಗೆ ಸೋಡಾ ಗೌರಕ್ಕ. ಟಾಕೀಸಿನ ಕಾಂಪೌಂಡಿನೊಳಗೆ, ಸೈಕಲ್ ಸ್ಟ್ಯಾಂಡಿಗೆ ತಾಗಿಕೊಂಡು ನನ್ನ ಗೋಲಿ ಸೋಡಾ ಅಂಗಡಿ. ಬಿಕ್ಕಳಿಕೆಗೆ ಸೋಡಾ ಒಳ್ಳೆಯದೆಂದು ನಮ್ಮತ್ತೆಯ ಕಾಲದಲ್ಲಿ ಯಾರೋ ಹೇಳಿದರಂತೆ, ಅಲ್ಲಿಂದ ಶುರುವಾದ ವ್ಯಾಪಾರ. ಕೆಟ್ಟ ಚಿತ್ರ ಬಂದರೆ ನನಗೆ ಹಬ್ಬ. ಜನ ಹೊರಗೆ ಬಂದವರೇ ಅಂಗಡಿಯ ಮುಂದೆ ನಿಂತು, "ಥೂ, ಎಂಥಾ ದರಿದ್ರ ಚಿತ್ರ ಕಣಕ್ಕಾ" ಎಂದು ಇಳಿಸಿ, ಬಿಕ್ಕಿ, ಸೋಡಾ ಕುಡಿದು, ಹಗುರಾಗಿ ಮನೆಗೆ ಹೋಗುತ್ತಾರೆ. ಒಳ್ಳೆಯ ಚಿತ್ರ ಬಂದ ವಾರ ಸೋಡಾ ಖರ್ಚಾಗುವುದಿಲ್ಲ. ತುಂಬಿದ ಕೊಡ ಹೊತ್ತವರ ಹಾಗೆ ನಿಧಾನವಾಗಿ ಹೆಜ್ಜೆ ಇಡುತ್ತ, ಯಾರ ಮುಖವನ್ನೂ ನೋಡದೆ ಹೋಗುತ್ತಾರೆ. ಆವತ್ತು ಕಾಂಪೌಂಡಿನಲ್ಲಿ ಎಷ್ಟು ಮೌನವೋ ಆ ಚಿತ್ರ ಅಷ್ಟು ದಿನ ಓಡುತ್ತದೆ.

ಕಥೆ ಹೇಳಬಹುದು, ಅದಕ್ಕೆ ತೊಂದರೆ ಇಲ್ಲ. ನಾಯಕಿ ಹಸಿರು ಸೀರೆ ಉಟ್ಟಿದ್ದಳು, ಬಾವಿಗೆ ಹಾರಿದಳು ಎಂದರೆ ಏನೂ ಆಗುವುದಿಲ್ಲ. ಪಾಪ, ಹಾರಬಾರದಿತ್ತು ಎಂದಿರೋ, ಬಿಕ್ಕಳಿಕೆ ಬಂತೆಂದೇ ಲೆಕ್ಕ. ಹೀಗಾಗಿ ನಮ್ಮೂರಲ್ಲಿ ಒಬ್ಬರ ಅಭಿಪ್ರಾಯ ಊರಿಗೆಲ್ಲ ಗೊತ್ತಿರುತ್ತದೆ, ಅವರೊಬ್ಬರನ್ನು ಬಿಟ್ಟು. ಮಾರನೆಯ ದಿನ ನನ್ನ ಹತ್ತಿರ ಬಂದು, "ನಿನ್ನೆ ನಾನೇನಂದೆ ಗೌರಕ್ಕ?" ಎಂದು ಕೇಳುತ್ತಾರೆ. "ಸೆಕೆಂಡ್ ಹಾಫ್ ಎಳೆದಿದ್ದಾರೆ ಅಂದ್ರಿ" ಎಂದರೆ, "ಹೌದಾ! ನಾನು ಸರಿಯಾಗೇ ಹೇಳಿರ್ತೀನಿ ಬಿಡು" ಎಂದು ಹೆಮ್ಮೆಪಡುತ್ತಾರೆ. ವಕೀಲ ಶ್ಯಾಮರಾಯರದು ಇನ್ನೊಂದು ಕತೆ. ಅವರಿಗೆ ನಾಲಿಗೆ ಹಿಡಿತದಲ್ಲಿಲ್ಲ. ಮೆಟ್ಟಿಲು ಇಳಿಯುವಷ್ಟರಲ್ಲೇ ತೀರ್ಪು ಕೊಟ್ಟು ಬಿಕ್ಕಿಬಿಡುತ್ತಾರೆ. ನೋಡಿದ್ದು ಮರೆತಿರುವುದರಿಂದ ನಾಳೆ ಮತ್ತೆ ಅದೇ ಚಿತ್ರಕ್ಕೆ ಬರುತ್ತಾರೆ. ಒಂದು ಪತ್ತೇದಾರಿ ಚಿತ್ರವನ್ನು ವಾರವಿಡೀ ನೋಡಿ, ದಿನವೂ "ಕೊಲೆಗಾರ ಯಾರು ಅಂತ ಕೊನೇ ತನಕ ಗೊತ್ತಾಗ್ಲಿಲ್ಲ, ಭೇಷ್!" ಎಂದು ತೊಡೆ ತಟ್ಟಿದ ಪುಣ್ಯಾತ್ಮ ಅವರು.

ಈಚೆಗೆ ನಮ್ಮ ಟಾಕೀಸಿಗೆ ತಲೆ ಕೆಡಿಸುವ ಚಿತ್ರಗಳೇ ಬರುತ್ತಿವೆ. ಸೈಕಾಲಜಿಕಲ್ ಥ್ರಿಲ್ಲರ್ ಅಂತೆ. ಒಂದರಲ್ಲಿ ಒಬ್ಬಳ ಕನ್ನಡಿ ಅವಳಿಗಿಂತ ಒಂದು ಕ್ಷಣ ತಡವಾಗಿ ಕಣ್ಣು ಮಿಟುಕಿಸುತ್ತದೆ. ಇನ್ನೊಂದರಲ್ಲಿ ಒಬ್ಬನಿಗೆ ಅವನದೇ ದನಿಯಲ್ಲಿ ಫೋನು ಬರುತ್ತದೆ. ಇಂಥವನ್ನು ತಲೆಯಲ್ಲಿಟ್ಟುಕೊಂಡು ಮನೆಗೆ ಹೋದರೆ ಯಾರು ಮಲಗಿಯಾರು? ಹಾಗಾಗಿ ಥ್ರಿಲ್ಲರ್ ಬಿಟ್ಟ ಕೂಡಲೇ ಜನ ನನ್ನ ಅಂಗಡಿಗೆ ನುಗ್ಗುತ್ತಾರೆ. "ಭಯ ಆಯ್ತಪ್ಪಾ", "ಆ ಡಾಕ್ಟರು ಸರಿ ಇಲ್ಲ ಅಂತ ನಂಗೆ ಮೊದಲೇ ಅನ್ನಿಸ್ತು", "ಲಾಜಿಕ್ಕೇ ಇಲ್ಲ", ಹೀಗೆ ಒಬ್ಬೊಬ್ಬರೂ ಇಳಿಸಿ, ಸಾಲಾಗಿ ಬಿಕ್ಕುತ್ತಾರೆ. ಆ ಹೊತ್ತಿನಲ್ಲಿ ಬೇರೆ ಊರಿನವರು ಯಾರಾದರೂ ಕಂಡರೆ ನಮಗೆಲ್ಲ ಏನೋ ರೋಗ ಎಂದುಕೊಂಡಾರು.

ಈಗ ಚಂದ್ರಮೌಳಿಯ ವಿಷಯಕ್ಕೆ ಬರುತ್ತೇನೆ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಮನುಷ್ಯ, ನಲವತ್ತು ದಾಟಿದೆ, ಮದುವೆ ಆಗಿಲ್ಲ. ಒಳ್ಳೆಯವನೇ, ಆದರೆ ಗುಮ್ಮನಗುಸುಕ. ಮಂದಾಕಿನಿ ಟೀಚರ್ ಹುಡುಗಿಯರ ಸ್ಕೂಲಿನಲ್ಲಿ ಹೊಲಿಗೆ ಕಲಿಸುತ್ತಾರೆ. ಅವರೂ ಒಂಟಿ. ಗಂಡ ಎನ್ನುವವನೊಬ್ಬ ಇದ್ದನಂತೆ, ಯಾವಾಗಲೋ ಬಿಟ್ಟುಹೋದನಂತೆ, ಅದರ ಸುದ್ದಿ ಅವರು ಎತ್ತುವುದಿಲ್ಲ, ನಾವೂ ಮೂಗು ತೂರಿಸುವುದಿಲ್ಲ. ಸ್ಕೂಲಿನ ಹೊಲಿಗೆ ಯಂತ್ರದ ಮೋಟರು ಪದೇ ಪದೇ ಕೆಡುತ್ತಿತ್ತು. ಚಂದ್ರಮೌಳಿ ಸರಿ ಮಾಡಲು ಹೋಗುತ್ತಿದ್ದ. ಒಂದು ಮೋಟರು ಅಷ್ಟು ಸಲ ಕೆಡುವುದು ಸಾಧ್ಯವೇ ಎಂದು ನನಗೆ ಆಗಲೇ ಅನುಮಾನ ಇತ್ತು ಅನ್ನಿ.

ಒಂದು ಶನಿವಾರ ಸಂಜೆಯ ಆಟಕ್ಕೆ ಇಬ್ಬರೂ ಬಂದರು. ಜೊತೆಯಾಗಿ ಬರಲಿಲ್ಲ. ಅವರು ಮುಂಚೆ ಬಂದರು, ಇವನು ಆಮೇಲೆ ಬಂದ, ಆದರೆ ಟಿಕೆಟ್ ಕೌಂಟರಿನವನು ಅಕ್ಕಪಕ್ಕದ ಸೀಟು ಹರಿದುಕೊಟ್ಟ. ಚಿತ್ರ ಒಂದು ಥ್ರಿಲ್ಲರ್. ಮಹಡಿ ಮೇಲೆ ಬಾಡಿಗೆಗೆ ಯಾರೋ ಇದ್ದಾರೆಂದು ಮನೆಯವನು ಹೇಳುತ್ತಾನೆ, ಮಹಡಿಯೇ ಇಲ್ಲವಲ್ಲ ಎಂದು ಡಾಕ್ಟರು ಹೇಳುತ್ತಾರೆ, ಅಂಥದ್ದು. ಇಂಟರ್ವಲ್‌ನಲ್ಲಿ ಇಬ್ಬರೂ ನನ್ನ ಅಂಗಡಿಯ ಬೆಂಚಿನ ಎರಡು ತುದಿಯಲ್ಲಿ ಕೂತರು. ನಾನು ಎರಡು ನಿಂಬೆ ಸೋಡಾ ಒಡೆದು ಕೊಟ್ಟು ಬೆನ್ನು ತಿರುಗಿಸಿ ಬಾಟಲಿ ತೊಳೆಯುತ್ತಿದ್ದೆ. ಬೆನ್ನಿಗೆ ಕಿವಿ ಇರುವುದಿಲ್ಲ ಎಂದು ಜನ ಯಾಕೆ ತಿಳಿಯುತ್ತಾರೋ.

"ಟೀಚರ್, ಒಂದು ಮಾತು ಕೇಳ್ಬೇಕಿತ್ತು" ಎಂದ ಚಂದ್ರಮೌಳಿ. "ಗೊತ್ತು" ಎಂದರು ಅವರು. ಅವನು ಸೋಡಾ ಬಾಟಲಿಯ ಗೋಲಿಯನ್ನು ಗುಳಗುಳ ಆಡಿಸುತ್ತ ಕೂತ. "ಕೇಳಬೇಡಿ ಚಂದ್ರಮೌಳಿ" ಎಂದರು ಅವರೇ. "ನೀವು ಒಳ್ಳೆಯವರು. ನನಗೆ ಮಾತ್ರ ಒಬ್ಬಳೇ ಇರೋದು ಅಭ್ಯಾಸ ಆಗ್ಬಿಟ್ಟಿದೆ. ಇನ್ನೊಬ್ಬರ ಚಪ್ಪಲಿ ಬಾಗಿಲಲ್ಲಿ ಬಿದ್ದಿರೋದು ನೆನೆಸ್ಕೊಂಡ್ರೂ ಎದೆ ಧಸಕ್ಕಂತದೆ. ನನ್ನ ಕೈಲಿ ಆಗಲ್ಲ." ಅವನು, "ಸರಿ ಟೀಚರ್" ಎಂದ. ಅಷ್ಟೇ. ಬೆಲ್ಲು ಹೊಡೆಯಿತು, ಎದ್ದು ಹೋದರು. ನನಗೆ ಕೈಯಲ್ಲಿದ್ದ ಬಾಟಲಿ ನೆಲಕ್ಕೆ ಕುಕ್ಕುವಷ್ಟು ಸಿಟ್ಟು ಬಂತು, ಅವನ ಮೇಲೆ. ಇನ್ನೊಂದು ಮಾತಾದರೂ ಆಡಬಾರದಿತ್ತೆ ಮಹರಾಯ!

ಆಟ ಬಿಟ್ಟ ಮೇಲೆ ಎಂದಿನಂತೆ ಜನ ನುಗ್ಗಿದರು, ಇಳಿಸಿದರು, ಬಿಕ್ಕಿದರು. ಹಾಗೆ ಬಂದವರಲ್ಲಿ ಯಾರೊಬ್ಬರೂ ಆ ಚಿತ್ರವನ್ನು ಮನೆಗೆ ಒಯ್ಯಲಿಲ್ಲ. ಆದರೆ ಚಂದ್ರಮೌಳಿ ಅಂಗಡಿಯ ಕಡೆ ಬರಲೇ ಇಲ್ಲ, ಬಾಯಿಗೆ ಬೀಗ ಜಡಿದವನ ಹಾಗೆ ನೇರ ಗೇಟು ದಾಟಿದ. ಸ್ವಲ್ಪ ಹೊತ್ತಿನ ನಂತರ ಮಂದಾಕಿನಿ ಟೀಚರೂ ಅಷ್ಟೇ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಹೋದರು. ನಾನು ನೋಡಿದೆ, ಸುಮ್ಮನಿದ್ದೆ.

ಅದೇ ಸಂಜೆ ಊರಾಚೆ ಕೆರೆಯ ತೂಬು ತೆರೆದುಕೊಂಡು ಹಾಲಪ್ಪನ ಇಟ್ಟಿಗೆ ಭಟ್ಟಿಗೆ ನೀರು ನುಗ್ಗಿತ್ತು. ಒಣಗಲು ಸಾಲಾಗಿ ಇಟ್ಟಿದ್ದ ಹಸಿ ಇಟ್ಟಿಗೆಯೆಲ್ಲ ಕರಗಿ ಬರೀ ರಾಡಿ. ಹಾಲಪ್ಪ ತಲೆಯ ಮೇಲೆ ಕೈಹೊತ್ತು ಕೂತ, ಆಮೇಲೆ ಎದ್ದು ಚಂದ್ರಮೌಳಿಯ ಹೆಸರು ಹಿಡಿದು ಕೂಗಾಡಿದ. ಅದಕ್ಕೆ ಕಾರಣ ಇತ್ತು. ಭಟ್ಟಿಯ ಹೊಗೆಯೆಲ್ಲ ಚಂದ್ರಮೌಳಿಯ ಮನೆಗೆ ಹೋಗುತ್ತದೆ. ಹಿಂದಿನ ವಾರವಷ್ಟೇ ಈ ಮಾತೇ ಆಡದ ಆಸಾಮಿ ಸಂತೆಯ ನಡುವೆ ನಿಂತು, "ನಿನ್ನ ಭಟ್ಟಿ ನೀರುಪಾಲಾಗ!" ಎಂದು ಹಿಡಿಶಾಪ ಹಾಕಿದ್ದ. ಅಪರೂಪಕ್ಕೆ ಬಾಯಿ ಬಿಟ್ಟರೂ ಇಂಥದ್ದೇ ಹೊರಗೆ ಬರಬೇಕೆ!

ಭಾನುವಾರ ಬೆಳಿಗ್ಗೆ ಟಾಕೀಸಿನ ಪೋರ್ಟಿಕೋದಲ್ಲಿ ಪಂಚಾಯ್ತಿ ಸೇರಿತು. ಇಂಥದ್ದಕ್ಕೆಲ್ಲ ಶ್ಯಾಮರಾಯರೇ ಮುಖ್ಯಸ್ಥರು. ಚಿತ್ರದ ಬಗ್ಗೆ ಎಷ್ಟೇ ಬಾಯಿಬಡುಕರಾದರೂ ನ್ಯಾಯಕ್ಕೆ ಕೂತರೆ ಬೇರೆಯೇ ಮನುಷ್ಯ. "ಎಲ್ಲಿದ್ದೆ ನಿನ್ನೆ ಸಂಜೆ?" ಎಂದು ಕೇಳಿದರು. "ಇಲ್ಲೇ, ಚಿತ್ರ ನೋಡ್ತಿದ್ದೆ" ಎಂದ ಚಂದ್ರಮೌಳಿ. "ಇಂಟರ್ವಲ್‌ನಲ್ಲಿ ನನ್ನ ಅಂಗಡೀಲಿ ಸೋಡಾ ಕುಡಿದಿದ್ದಾನೆ, ನಾನೇ ಕೊಟ್ಟಿದ್ದು. ಆಟ ಬಿಟ್ಮೇಲೆ ಗೇಟು ದಾಟಿದ್ದನ್ನೂ ನೋಡಿದೀನಿ" ಎಂದೆ ನಾನು. ಹಾಲಪ್ಪ ಎಗರಿಬಿದ್ದ. "ಇಂಟರ್ವಲ್ ಆದ್ಮೇಲೆ, ಆಟ ಬಿಡೋದ್ರೊಳಗೆ? ನೀರು ಬಂದಿದ್ದು ಆವಾಗ್ಲೇ ಕಣಕ್ಕಾ! ಸೋಡಾ ಕುಡಿದು ಕೆರೆಗೆ ಹೋಗಿ ಬರಕ್ಕೆ ಎಷ್ಟೊತ್ತು?" ಒಳಗೆ ಇವನನ್ನು ಕಂಡವರಿದ್ದರೆ ಕೈಯೆತ್ತಿ ಎಂದರೆ ಯಾರು ಎತ್ತಿಯಾರು? ಎಲ್ಲರೂ ಇಳಿಸಿ ಆಗಿತ್ತು. ಪಕ್ಕದಲ್ಲಿ ಆನೆ ಕೂತಿದ್ದರೂ ಅವರಿಗೆ ನೆನಪಿಲ್ಲ.

ಇಂಥ ಹೊತ್ತಿಗೆ ನಮ್ಮಲ್ಲಿ ಒಂದು ಪದ್ಧತಿ ಇದೆ. ನೋಡಿದ್ದೇನೆ ಎನ್ನುವವನು ಎಲ್ಲರೆದುರು ಚಿತ್ರ ಇಳಿಸಬೇಕು. ಕೊನೆಯ ತನಕ ನೋಡಿದ್ದರೆ ಬಿಕ್ಕಳಿಕೆ ಬರುತ್ತದೆ. ಅರ್ಧಕ್ಕೆ ಎದ್ದುಹೋಗಿದ್ದರೆ ಬರುವುದಿಲ್ಲ. ಕಳ್ಳ ಬಿಕ್ಕಳಿಕೆ ತಂದು ಸಿಕ್ಕಿಬಿದ್ದವರನ್ನು ಸಣ್ಣ ಮಕ್ಕಳೂ ಆಡಿಕೊಂಡು ನಗುತ್ತಾರೆ. ಶ್ಯಾಮರಾಯರು, "ಹೇಳಪ್ಪ, ಚಿತ್ರ ಹೇಗಿತ್ತು?" ಎಂದರು. ನಮ್ಮೂರಲ್ಲಿ ಈ ಪ್ರಶ್ನೆಯನ್ನು ಕೇಳುವುದು ಅಲ್ಲಿ ಮಾತ್ರ.

ಚಂದ್ರಮೌಳಿ ಬಾಯಿ ತೆರೆದ, ಮುಚ್ಚಿದ. ನೆಲ ನೋಡಿದ. "ಹೇಳಲ್ಲ" ಎಂದ.

"ಹೇಳಲ್ಲ ಅಂದ್ರೆ? ಇಳಿಸಿದ್ರೆ ಮುಗೀತಲ್ಲ. ಒಂದು ಹಾಳು ಥ್ರಿಲ್ಲರ್ ಇಟ್ಕೊಂಡು ಏನ್ ಪೂಜೆ ಮಾಡ್ತೀಯಾ?" ಎಂದರು ಶ್ಯಾಮರಾಯರು. "ನನ್ನ ಕೈಲಾಗಲ್ಲ ಸ್ವಾಮಿ" ಎಂದ. ಹಾಲಪ್ಪ, "ನೋಡಿದ್ರಾ? ನೋಡಿದ್ರಾ?" ಎಂದು ಎಲ್ಲರ ಮುಖ ನೋಡಿದ. ಜನ ಗುಸುಗುಸು ಶುರುಮಾಡಿದರು. ಶ್ಯಾಮರಾಯರು ಮೂರು ಸಲ ಕೇಳಿ, ನಿಟ್ಟುಸಿರುಬಿಟ್ಟು, "ಇಳಿಸಲಿಲ್ಲ ಅಂದ್ರೆ ತಪ್ಪು ಒಪ್ಪಿಕೊಂಡ ಹಾಗೆ. ಅಂಗಡಿ ಮುಚ್ಚಿ ಊರು ಬಿಡಬೇಕಾಗುತ್ತೆ. ಯೋಚನೆ ಮಾಡು" ಎಂದರು. ಅವನು ತಲೆಯಾಡಿಸಿದ. ಊರು ಬಿಡುತ್ತಾನಂತೆ, ಚಿತ್ರ ಬಿಡುವುದಿಲ್ಲವಂತೆ. ಬೇಡ ಎನ್ನಿಸಿಕೊಂಡ ಸಂಜೆಯನ್ನು ಇವನು ಯಾಕೆ ಹೀಗೆ ಎದೆಗವಚಿಕೊಂಡಿದ್ದಾನೆ ಎಂದು ನನಗೆ ತಿಳಿಯಲಿಲ್ಲ. ನಾನಾಗಿದ್ದರೆ ಆವತ್ತೇ ಗೇಟಿನ ಹತ್ತಿರ ಉಗುಳಿ ಹೋಗುತ್ತಿದ್ದೆ.

ಆಗ ಹಿಂದಿನಿಂದ ಮಂದಾಕಿನಿ ಟೀಚರ್ ಜನರನ್ನು ಸರಿಸಿಕೊಂಡು ಮುಂದೆ ಬಂದರು. "ಆ ಚಿತ್ರ ನಾನೂ ಇಳಿಸಿಲ್ಲ" ಎಂದರು. "ಇವರು ಕೂತಿದ್ದು ನನ್ನ ಪಕ್ಕದ ಸೀಟಲ್ಲಿ. ಪರದೆ ಬೀಳೋ ತನಕ ಎದ್ದಿಲ್ಲ. ಇದನ್ನ ಕೇಳಿಸ್ಕೊಳ್ಳಿ, ಯಾಕಂದ್ರೆ ಇನ್ನೊಂದು ಸಲ ಹೇಳೋಕೆ ನನಗೆ ಗೊತ್ತಿರಲ್ಲ."

ಚಂದ್ರಮೌಳಿ ದಡಬಡಿಸಿ ಎದ್ದ. "ಬೇಡ ಟೀಚರ್! ನಾನು ಊರು ಬಿಡ್ತೀನಿ, ನೀವು ಇಳಿಸಬೇಡಿ!" ಅವನ ದನಿ ಅಷ್ಟು ಜೋರಾಗಿ ಕೇಳಿದ್ದು ಸಂತೆಯ ಆ ಜಗಳ ಬಿಟ್ಟರೆ ಅಂದೇ. ಟೀಚರ್ ಅವನನ್ನೇ ಒಂದು ಗಳಿಗೆ ನೋಡಿದರು. ಪರೀಕ್ಷೆಗೆ ಮುಂಚೆ ಓದಿದ್ದನ್ನೆಲ್ಲ ಒಮ್ಮೆ ತಿರುವಿಹಾಕುವ ಹುಡುಗಿಯ ಹಾಗೆ ಕಣ್ಣು ಮುಚ್ಚಿ ತೆರೆದರು. ಆಮೇಲೆ ಶ್ಯಾಮರಾಯರ ಕಡೆ ತಿರುಗಿ, "ಮೊದಲರ್ಧ ಚೆನ್ನಾಗಿತ್ತು. ಕೊನೆಯಲ್ಲಿ ಆ ಮನೆಯವನು ಬಾಗಿಲು ತೆಗೀಬೇಕಾಗಿತ್ತು, ತೆಗೀಲಿಲ್ಲ. ಅದು ನನಗೆ ಸರಿ ಬರಲಿಲ್ಲ" ಎಂದರು.

ಬಿಕ್ಕಳಿಕೆ ಬಂತು. ಚಂದ್ರಮೌಳಿ ಮುಖ ಮುಚ್ಚಿಕೊಂಡು ಕೂತುಬಿಟ್ಟ. ಟೀಚರ್ ಸುತ್ತ ನೋಡಿ, ಏನನ್ನೋ ಎಲ್ಲೋ ಇಟ್ಟು ಮರೆತವರ ಹಾಗೆ ಸೆರಗು ಸರಿಮಾಡಿಕೊಂಡರು. "ಆಯ್ತಾ?" ಎಂದರು. ಶ್ಯಾಮರಾಯರು, "ಆಯ್ತಮ್ಮಾ" ಎಂದರು. ನಾನು ಸೋಡಾ ಒಡೆದುಕೊಟ್ಟೆ. ಆವತ್ತು ದುಡ್ಡು ತೆಗೆದುಕೊಳ್ಳಲಿಲ್ಲ. ನನಗೂ ಕರುಳು ಅಂತ ಒಂದಿದೆ.

ತೂಬಿನ ವಿಷಯ ಆ ವಾರದಲ್ಲೇ ಬಗೆಹರಿಯಿತು. ಹೂಳು ತೆಗೆದು ನೋಡಿದರೆ ಹಲಗೆ ಕೊಳೆತು ತಾನಾಗೇ ಕಿತ್ತುಬಂದಿತ್ತು. ಹಾಲಪ್ಪ ಬೆಪ್ಪಾಗಿ, ನನ್ನ ಅಂಗಡಿಯ ಮುಂದೆ ಹಾದುಹೋಗುವಾಗ ಕೆಮ್ಮುತ್ತ ಆ ಕಡೆ ಮುಖ ಮಾಡಿ ಹೋಗತೊಡಗಿದ. ಊರಿಗೆ ಅದರ ಪರಿವೆ ಎಲ್ಲಿ? ಊರಿಗೆ ಬೇರೆ ವಿಷಯ ಸಿಕ್ಕಿತ್ತು. ಇಬ್ಬರೂ ಇಳಿಸದೆ ಇಟ್ಟುಕೊಂಡಿದ್ದರೆಂದರೆ ಒಳಗೆ ಏನೋ ಆಗಿರಲೇಬೇಕು. ಏನಾಗಿರುತ್ತದೆ? ಇವನು ಕೇಳಿದ್ದಾನೆ, ಅವರು ಒಪ್ಪಿದ್ದಾರೆ. ಇದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. "ಊಟ ಯಾವಾಗ ಹಾಕಿಸ್ತೀರಿ?" ಎಂದು ಶ್ಯಾಮರಾಯರು ಚಂದ್ರಮೌಳಿಯ ಅಂಗಡಿಗೇ ಹೋಗಿ ಕೇಳಿದರು. ಸ್ಕೂಲಿನ ಹುಡುಗಿಯರು ಟೀಚರನ್ನು ನೋಡಿ ಕಿಸಕ್ಕೆಂದರು. ನಿಜ ಗೊತ್ತಿದ್ದವರು ಇಬ್ಬರೇ, ಅವನು ಮತ್ತು ನಾನು. ನಾನು ಬಾಯಿ ಬಿಡಬೇಕೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಅವನು ಹೂಂ ಎಂದುಬಿಟ್ಟರೆ ಮುಗಿಯಿತು. ಒಂದು ಸಣ್ಣ ಸುಳ್ಳು. ಇಬ್ಬರು ಒಂಟಿ ಮನುಷ್ಯರು ಒಂದು ಒಲೆಯ ಮುಂದೆ ಕೂರುವುದಾದರೆ ನನಗೇನು ನಷ್ಟ? ಹೇಳಿಬಿಡು ಮಾರಾಯ, ಹೇಳಿಬಿಡು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮುಂದಿನ ಶನಿವಾರ ಮ್ಯಾಟಿನಿ ಶುರುವಾಗಿ ಕಾಂಪೌಂಡು ಖಾಲಿಯಾಗಿತ್ತು. ಚಂದ್ರಮೌಳಿ ನನ್ನ ಅಂಗಡಿಯ ಫ್ಯಾನು ಬಿಚ್ಚಿಕೊಂಡು ಬೆಂಚಿನ ಮೇಲೆ ಕೂತಿದ್ದ. ಮಂದಾಕಿನಿ ಟೀಚರ್ ಗೇಟು ದಾಟಿ ನೇರ ಬಂದರು. ನನ್ನನ್ನು ನೋಡಿ ಹಿಂಜರಿಯಲೂ ಇಲ್ಲ. "ಚಂದ್ರಮೌಳಿ, ಆವತ್ತು ನಾನೇನಂದೆ?" ಎಂದರು.

ಅವನ ಕೈಯ ಸ್ಕ್ರೂಡ್ರೈವರ್ ನಿಂತಿತು.

"ಊರೆಲ್ಲ ಹೇಳ್ತಿದೆ, ನಾನು ಒಪ್ಪಿದೆ ಅಂತ. ನಂಗೂ ಹಾಗೇ ಅನ್ನಿಸ್ತಿದೆ. ಇಲ್ಲದಿದ್ರೆ ಅಷ್ಟು ಜನದ ಮುಂದೆ ನಾನ್ಯಾಕೆ ಬಂದು ನಿಲ್ತಿದ್ದೆ? ಆದ್ರೂ ನಿಮ್ಮ ಬಾಯಿಂದ ಕೇಳ್ಬೇಕು."

ನಾನು ಬೆನ್ನು ತಿರುಗಿಸಿ ಬಾಟಲಿ ಉಜ್ಜತೊಡಗಿದೆ. ಉಜ್ಜಿದ್ದನ್ನೇ ಉಜ್ಜುತ್ತಿದ್ದೆ. ಒಳಗಿನಿಂದ ಚಿತ್ರದ ಯಾವುದೋ ಹಾಡು ಕೇಳುತ್ತಿತ್ತು.

"ಬೇಡ ಅಂದ್ರಿ ಟೀಚರ್" ಎಂದ. "ಒಬ್ಬಳೇ ಇರೋದು ಅಭ್ಯಾಸ ಆಗ್ಬಿಟ್ಟಿದೆ ಅಂದ್ರಿ. ಇನ್ನೊಬ್ಬರ ಚಪ್ಪಲಿ ಬಾಗಿಲಲ್ಲಿದ್ರೆ ಎದೆ ಧಸಕ್ಕಂತದೆ ಅಂದ್ರಿ."

ಕೆಟ್ಟೆಯಲ್ಲೋ, ಎಂದುಕೊಂಡೆ. ಅವನ ಬೆನ್ನಿಗೆ ಎರಡು ಗುದ್ದಬೇಕು ಅನ್ನಿಸಿತು. ಅಳುವೂ ಬಂತು.

ಟೀಚರ್ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. "ಹೌದು. ಅದು ನನ್ನ ಮಾತೇ" ಎಂದರು ನಿಧಾನವಾಗಿ. "ಚಪ್ಪಲಿ ವಿಷಯ ನಾನು ಯಾರಿಗೂ ಹೇಳಿಲ್ಲ." ಆಮೇಲೆ ಅವನ ಕಡೆ ತಿರುಗಿ, "ಮತ್ತೆ ನೀವ್ಯಾಕೆ ಇಳಿಸಲಿಲ್ಲ? ಬೇಡ ಅಂದ ಸಾಯಂಕಾಲಾನ ಯಾರಾದ್ರೂ ಇಟ್ಕೋತಾರಾ? ಊರು ಬಿಡೋಕೆ ಹೊರಟಿದ್ರಲ್ಲ" ಎಂದರು.

"ಬೇಡ ಅಂದ್ಮೇಲೆ ನೀವು ಎದ್ದು ಮನೆಗೆ ಹೋಗಬಹುದಿತ್ತು. ಬೇರೆ ಸೀಟಿಗೆ ಹೋಗಬಹುದಿತ್ತು, ಹಿಂದೆ ಎಷ್ಟೊಂದು ಖಾಲಿ ಇತ್ತು" ಎಂದ ಅವನು. "ಅದೇ ಸೀಟಿಗೆ ಬಂದು ಕೂತ್ರಿ. ಕೊನೇ ತನಕ ಕೂತಿದ್ರಿ. ಅಷ್ಟು ಹೊತ್ತು ನನ್ನ ಪಕ್ಕ ಯಾರೂ ಯಾವತ್ತೂ ಕೂತಿಲ್ಲ."

ಟೀಚರ್ ಕೈಯಲ್ಲಿದ್ದ ಕರ್ಚೀಫನ್ನು ಮಡಿಸಿದರು, ಬಿಡಿಸಿದರು. "ನಾನೂ ಇಟ್ಕೊಂಡಿದ್ನಲ್ಲ" ಎಂದರು, ಅವನಿಗೋ ತಮಗೋ ತಿಳಿಯದ ಹಾಗೆ. "ಬೇಡ ಅಂದವಳು ನಾನು. ನಾನ್ಯಾಕೆ ಇಟ್ಕೊಂಡಿದ್ದೆ?"

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಅದಕ್ಕೆ ಉತ್ತರ ಗೊತ್ತಿದ್ದವಳು ನಾನು, ನನ್ನನ್ನು ಯಾರೂ ಕೇಳಲಿಲ್ಲ.

"ಮೊದಲಿಂದ ಹೇಳಿ" ಎಂದರು ಟೀಚರ್. "ಗೇಟಿನಿಂದ ಶುರುಮಾಡಿ. ಏನು ನಡೀತೋ ಅಷ್ಟೇ. ಚೆನ್ನಾಗಿತ್ತು, ಕೆಟ್ಟದಾಗಿತ್ತು ಅಂತ ಮಾತ್ರ ಬಾಯಿ ತಪ್ಪಿಯೂ ಅನ್ನಬೇಡಿ. ಆ ಸಂಜೆ ಉಳಿದಿರೋದು ಇನ್ನು ನಿಮ್ಮ ಹತ್ತಿರ ಮಾತ್ರ."

ಅವನು ಹೇಳಿದ. ಅಬ್ಬಾ, ಆ ಗುಮ್ಮನಗುಸುಕನ ಬಾಯಲ್ಲಿ ಅಷ್ಟು ಮಾತಿತ್ತೆಂದು ಯಾರಿಗೆ ಗೊತ್ತಿತ್ತು! ಅವರು ನೇರಳೆ ಬಣ್ಣದ ಸೀರೆ ಉಟ್ಟು ಬಂದದ್ದು, ಸೀಟಿನ ಮೊಳೆಗೆ ಸೆರಗು ಸಿಕ್ಕಿಕೊಂಡಾಗ ತಾನು ಬಿಡಿಸಲೋ ಬೇಡವೋ ಎಂದು ಕೈ ಮುಂದೆ ಮಾಡಿ ಹಿಂದೆ ತೆಗೆದದ್ದು, ಮಹಡಿಯ ಮೇಲೆ ಮೊದಲ ಸಲ ಹೆಜ್ಜೆ ಸಪ್ಪಳ ಕೇಳಿದಾಗ ಅವರು ಬೆಚ್ಚಿ ಇವನ ತೋಳು ಹಿಡಿದು ತಕ್ಷಣ ಬಿಟ್ಟದ್ದು, ಕಡಲೆಕಾಯಿಯ ಪೊಟ್ಟಣವನ್ನು ಇಬ್ಬರ ನಡುವಿನ ಕೈಪಟ್ಟಿಯ ಮೇಲೆ ಇಟ್ಟದ್ದು. ಒಂದೊಂದು ಮಾತಿಗೂ ಮುಂಚೆ ತಡೆದು, ಇದರಲ್ಲಿ ಅಭಿಪ್ರಾಯ ಏನಾದರೂ ಸೇರಿದೆಯೇ ಎಂದು ನೋಡಿಕೊಂಡು ಹೇಳುತ್ತಿದ್ದ. ಎರಡು ಸಲ ಅವನಿಗೆ ಬಿಕ್ಕಳಿಕೆ ಬಂದೀತೆಂದು ನನಗೇ ಜೀವ ಬಾಯಿಗೆ ಬಂತು. ಟೀಚರ್ ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದರು, ಯಾರದೋ ಕತೆ ಕೇಳುವವರ ಹಾಗೆ.

"ಆಮೇಲೆ ಲೈಟು ಬಂತು" ಎಂದ ಚಂದ್ರಮೌಳಿ. "ಇಂಟರ್ವಲ್. ನೀವು ಮುಂದೆ, ನಾನು ಹಿಂದೆ, ಇಲ್ಲಿಗೆ ಬಂದ್ವಿ. ಗೌರಕ್ಕ ಸೋಡಾ ಕೊಟ್ರು. ನಾನು, ಟೀಚರ್, ಒಂದು ಮಾತು ಕೇಳ್ಬೇಕಿತ್ತು ಅಂದೆ. ನೀವು..."

"ಅಲ್ಲಿಗೆ ನಿಲ್ಲಿಸಿ" ಎಂದರು ಟೀಚರ್, ಕೈಯೆತ್ತಿ. "ಅಲ್ಲಿಂದ ಮುಂದಿನದು ನಾನು ಹೇಳ್ತೀನಿ."